ಬಾಲ್ಕನಿಯ ಟವೆಲೂ ದೇವರ ಚಿತ್ತವೂ

ದೇವರ ಚಿತ್ತ ಎಂಬ ಮಾತನ್ನು ನಾನು ಬಳಸಿದಷ್ಟು ನಮ್ಮ ಕ್ರೈಸ್ತ ಸಭೆಯ ಪಾದ್ರಿ ಅಯ್ಯನವರೂ ಬಳಸಿರಲಿಕ್ಕಿಲ್ಲ. ಅವರು ಭಾನುವಾರಕ್ಕೊಮ್ಮೆ ಪ್ರಸಂಗಪೀಠದ ಮೇಲೆ ನಿಂತು ಬಳಸುತ್ತಾರೆ. ನಾನು ವಾರದ ಏಳೂ ದಿನ ಸೋಫಾದ ಮೇಲೆ ಒರಗಿಕೊಂಡು ಬಳಸುತ್ತೇನೆ. ಹಾಗೆಂದು ನನ್ನನ್ನು ಭಕ್ತನೆಂದು ತಿಳಿಯಬೇಡಿ. ಬಿರಿಯಾನಿ ತಿನ್ನುವ ಮೊದಲು ದೇವರ ಚಿತ್ತವೇನಿದೆ ಎಂದು ನಾನು ಎಂದೂ ವಿಚಾರಿಸಿದವನಲ್ಲ. ಗೋಡೆಗೆ ಮೊಳೆ ಹೊಡೆಯುವುದು, ಬೆಳಗಿನ ವಾಕಿಂಗು, ಹೆಂಡತಿಯ ಚಿಕ್ಕಪ್ಪನ ಮಗನನ್ನು ನೋಡಲು ಸಂಜೆಯ ಟ್ರಾಫಿಕ್ಕಿನಲ್ಲಿ ಶಾರ್ಜಾಕ್ಕೆ ಹೋಗುವುದು, ಇಂಥ ವಿಷಯಗಳು ಬಂದಾಗ ಮಾತ್ರ ನನಗೆ ಥಟ್ಟನೆ ದೇವರ ನೆನಪಾಗುತ್ತದೆ. "ಪ್ರಾರ್ಥನೆಯಲ್ಲಿ ಇಡೋಣ" ಎನ್ನುತ್ತೇನೆ. ಇಟ್ಟದ್ದು ಅಲ್ಲೇ ಇರುತ್ತದೆ. ಮೊಳೆಯ ವಿಷಯ ಮೂರು ವರ್ಷದಿಂದ ಪ್ರಾರ್ಥನೆಯಲ್ಲಿದೆ, ಗಡಿಯಾರ ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿ ಕೂತಿದೆ.

ಇದರಲ್ಲಿ ನನ್ನ ಕಸುಬಿನ ದೋಷವೂ ಸ್ವಲ್ಪ ಇದೆ. ನಾನು ದುಬೈನ ಜೆಬೆಲ್ ಅಲಿ ಬಂದರಿನಲ್ಲಿ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕಾಗದಪತ್ರ ನೋಡುವವನು. ಅಲ್ಲಿ ಸಹಿ, ಮೊಹರು ಇಲ್ಲದೆ ಒಂದು ಕಂಟೇನರ್ ಕೂಡ ಗೇಟು ದಾಟುವುದಿಲ್ಲ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದ ಮೇಲೆ, ಪರಲೋಕದಿಂದಲೂ ಮೊಹರು ಒತ್ತಿದ ಕಾಗದ ಬಂದ ಮೇಲೆಯೇ ಸೋಫಾದಿಂದ ಏಳಬೇಕು ಎಂಬ ಅಭ್ಯಾಸ ನನಗಾಗಿಬಿಟ್ಟಿದೆ. ಜೊತೆಗೆ ರಕ್ತದಲ್ಲೂ ಇದೆ ಎನ್ನಿ. ಗದಗ ಬೆಟಗೇರಿಯಲ್ಲಿ ನಮ್ಮ ದೊಡ್ಡವ್ವ ಯಾವ ನಿರ್ಧಾರಕ್ಕೂ ಕಣ್ಣು ಮುಚ್ಚಿ ಸತ್ಯವೇದ, ಅಂದರೆ ಬೈಬಲ್, ತೆರೆದು ಬೆರಳಿಡುತ್ತಿದ್ದಳು. ಬೆರಳ ಕೆಳಗೆ ಬಂದ ಮಾತೇ ಉತ್ತರ. ಮಗನಿಗೆ ಹುಬ್ಬಳ್ಳಿಯ ಒಂದು ಹುಡುಗಿಯನ್ನು ನೋಡಿ ಬಂದ ಮೇಲೆ ಹೀಗೆಯೇ ಬೆರಳಿಟ್ಟಳು. ಬೆರಳು ಬಿದ್ದದ್ದು ಹಳೆಯ ಒಡಂಬಡಿಕೆಗೂ ಹೊಸದಕ್ಕೂ ನಡುವೆ ಇರುವ ಖಾಲಿ ಹಾಳೆಯ ಮೇಲೆ. "ದೇವರು ಇನ್ನೂ ವಿಚಾರ ಮಾಡಾಕತ್ತಾನ" ಎಂದು ದೊಡ್ಡವ್ವ ಒಂದು ವರ್ಷ ಕಾದಳು. ದೇವರ ವಿಚಾರ ಮುಗಿಯುವುದರೊಳಗೆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ ಗಂಡುಮಗುವೂ ಆಯಿತು.

ಇಷ್ಟು ಹೇಳಿದ ಮೇಲೆ ಮಿರ್ದಿಫ್ ವಿಷಯಕ್ಕೆ ಬರುತ್ತೇನೆ. ನಾವು ಆಗ ಅಲ್ ಬರ್ಷಾದಲ್ಲಿದ್ದೆವು. ನಾವು ಎಂದರೆ ನಾನು, ಹೆಂಡತಿ ಸುಗುಣಾ, ಹನ್ನೊಂದು ವರ್ಷದ ಮಗಳು ಶೀಬಾ. ಸುಗುಣಾ ಮಿರ್ದಿಫ್‌ನ ಒಂದು ಶಾಲೆಯಲ್ಲಿ ಗಣಿತದ ಟೀಚರು. ಅಲ್ ಬರ್ಷಾ ದುಬೈನ ಒಂದು ಕಡೆ, ಮಿರ್ದಿಫ್ ಇನ್ನೊಂದು ಕಡೆ, ವಿಮಾನ ನಿಲ್ದಾಣದ ಹತ್ತಿರ. ಜನವರಿಯ ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಪಲ್ಯ ಬಡಿಸುತ್ತ ಹೇಳಿದಳು.

"ನಮ್ಮ ಸಾಲಿ ಹಿಂದ ಒಂದು ಮನಿ ಖಾಲಿ ಆಗೇತ್ರೀ. ನಮ್ಮದೂ ಕರಾರು ಮುಂದಿನ ತಿಂಗಳ ಮುಗೀತೈತಿ. ಹೋಗೂಣೇನು? ಶೀಬಾಗೂ ನಮ್ಮ ಸಾಲ್ಯಾಗ ಸೀಟ್ ಕೊಡ್ತಾರಂತ."

ಅಲ್ ಬರ್ಷಾ ಬಿಡುವುದೆಂದರೆ ಏನೇನು ಬಿಡಬೇಕು ಎಂಬುದು ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಕಂಪನಿಯ ಬಸ್ಸು ನಮ್ಮ ಕಟ್ಟಡದ ಎದುರಿಗೇ ನಿಲ್ಲುತ್ತದೆ; ನಾನು ಏಳು ಗಂಟೆಗೆ ಎದ್ದು, ಎಂಟಕ್ಕೆ ಎಡಗಡೆಯ ಕಿಟಕಿ ಸೀಟಿನಲ್ಲಿ ಕೂತು, ಎಂಟೂವರೆಗೆ ಆಫೀಸಿನಲ್ಲಿರುತ್ತೇನೆ. ಕೆಳಗೇ ಒಂದು ಹೋಟೆಲಿದೆ, ಅಲ್ಲಿ ನನ್ನ ಮುಖ ಕಂಡ ಕೂಡಲೇ ಕೇಳದೆಯೇ ವಡೆ ಬರುತ್ತದೆ. ಐದನೇ ಮಹಡಿಯಲ್ಲಿ ಮೈಸೂರಿನ ಶ್ರೀಧರ ಇದ್ದಾನೆ, ಅವನ ಮನೆಯಲ್ಲಿ ಪ್ರತಿ ಶನಿವಾರ ಕೇರಂ. ಇದನ್ನೆಲ್ಲ ಹೆಂಡತಿಗೆ ಕಾರಣವೆಂದು ಹೇಳುವ ಹಾಗಿದೆಯೇ? ವಡೆ, ಕೇರಂ, ಕಿಟಕಿ ಸೀಟು ಎಂದು ಬಾಯಿಬಿಟ್ಟು ಹೇಳಿದರೆ ನನಗೇ ನಾಚಿಕೆಯಾಗುತ್ತದೆ. ಆದ್ದರಿಂದ ತಟ್ಟೆಯಿಂದ ಕೈ ತೆಗೆದು ಗಂಭೀರನಾದೆ.

"ಇಷ್ಟು ದೊಡ್ಡ ವಿಷಯ ನಾವ ನಾವ ನಿರ್ಧಾರ ಮಾಡೂದು ಬ್ಯಾಡ, ಸುಗುಣಾ. ದೇವರ ಚಿತ್ತ ಏನೈತಿ ನೋಡೂಣು. ಪ್ರಾರ್ಥನಾ ಮಾಡ್ತೀನಿ."

"ಮಾಡ್ರಿ," ಎಂದಳು ಅವಳು. "ಗುರುವಾರದೊಳಗ ಮಾಡ್ರಿ. ಆ ಮನಿಯವರು ಅಲ್ಲೀತನಕಾ ಅಷ್ಟ ಕಾಯ್ತಾರಂತ."

ದೇವರ ಚಿತ್ತಕ್ಕೆ ಯಾರಾದರೂ ಕೊನೆಯ ದಿನಾಂಕ ಗೊತ್ತುಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಭಾನುವಾರ ಆರಾಧನೆ ಮುಗಿಸಿ ಬಂದು ದೊಡ್ಡವ್ವನ ವಿಧಾನಕ್ಕೆ ಕೈ ಹಾಕಿದೆ. ಫೋನಿನಲ್ಲಿರುವ ಸತ್ಯವೇದದಲ್ಲಿ ಈ ಕೆಲಸ ಆಗುವುದಿಲ್ಲ, ಬೆರಳಿಟ್ಟ ಕೂಡಲೇ ಅಪ್‌ಡೇಟ್ ಮಾಡಿ ಎನ್ನುತ್ತದೆ. ಅದಕ್ಕೆ ಮದುವೆಯಲ್ಲಿ ಮಾವನವರು ಕೊಟ್ಟ ದಪ್ಪ ಪುಸ್ತಕವನ್ನೇ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ತೆರೆದೆ. ಯಾರು ಯಾರನ್ನು ಹೆತ್ತರು, ಅವರು ಮತ್ತೆ ಯಾರನ್ನು ಹೆತ್ತರು ಎಂಬ ವಂಶಾವಳಿಯ ಪಟ್ಟಿ ಬಂತು. ಎರಡನೇ ಸಲ ತೆರೆದೆ, ಅದೇ ಪಟ್ಟಿ. ಮೂರನೇ ಸಲವೂ ಅದೇ. ಇದು ದೇವರ ಕೈಯೇ ಎಂದುಕೊಂಡೆ. ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಶೀಬಾ ಬಗ್ಗಿ ನೋಡಿ, "ಪಪ್ಪಾ, ಈಸ್ ಗಾಡ್ ಟೆಲ್ಲಿಂಗ್ ಯೂ ಟು ಹ್ಯಾವ್ ಅನದರ್ ಬೇಬಿ?" ಎಂದು ಕೇಳಿದಳು. ನಾನು ಪುಸ್ತಕ ಮುಚ್ಚಿದೆ. ಅಷ್ಟರಲ್ಲಿ ಅದರೊಳಗಿಂದ ನನ್ನ ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೋಗಳ ಕಟ್ಟೊಂದು ಜಾರಿ ಬಿತ್ತು. ಮಡಿಕೆಯಾಗಬಾರದೆಂದು ವೀಸಾ ನವೀಕರಣದ ಸಮಯದಲ್ಲಿ ನಾನೇ ಆ ಪುಟದಲ್ಲಿಟ್ಟು ಮರೆತಿದ್ದೆ. ಪುಸ್ತಕ ಪ್ರತಿ ಸಲ ಅಲ್ಲೇ ತೆರೆದುಕೊಳ್ಳುತ್ತಿದ್ದುದಕ್ಕೆ ದೈವಿಕ ಕಾರಣವೇನೂ ಇರಲಿಲ್ಲ, ನನ್ನದೇ ಮುಖ ಅಡ್ಡ ಬಂದಿತ್ತು.

ಸೋಮವಾರ ಆಫೀಸಿನಲ್ಲಿ ಕೂತಿದ್ದಾಗ ಒಂದು ಉಪಾಯ ಹೊಳೆಯಿತು. ಸತ್ಯವೇದದಲ್ಲಿ ಒಬ್ಬ ಪುಕ್ಕಲು ಸೇನಾಪತಿಯ ಕಥೆಯಿದೆ. ಯುದ್ಧಕ್ಕೆ ಹೋಗು ಎಂದು ದೇವರು ಹೇಳಿದರೂ ಅವನಿಗೆ ಧೈರ್ಯ ಸಾಲದು. ಕುರಿಯ ಉಣ್ಣೆಯ ತುಪ್ಪಟವನ್ನು ಕಣದಲ್ಲಿ ಹಾಸಿ, ಬೆಳಗಾಗುವುದರೊಳಗೆ ತುಪ್ಪಟ ಮಾತ್ರ ಇಬ್ಬನಿಯಿಂದ ನೆನೆದು ಸುತ್ತಲ ನೆಲ ಒಣಗಿರಲಿ, ಆಗ ನಂಬುತ್ತೇನೆ ಎಂದು ಕೇಳುತ್ತಾನೆ. ಹಾಗೆಯೇ ಆಗುತ್ತದೆ. ಅಷ್ಟಕ್ಕೂ ಬಿಡದೆ, ನಾಳೆ ತುಪ್ಪಟ ಒಣಗಿ ನೆಲ ನೆನೆಯಲಿ ಎನ್ನುತ್ತಾನೆ. ಅದೂ ಆಗುತ್ತದೆ. ನನಗೆ ಈ ಮನುಷ್ಯ ಚಿಕ್ಕಂದಿನಿಂದಲೂ ಹತ್ತಿರದ ಸಂಬಂಧಿಯಂತೆ ಕಂಡಿದ್ದಾನೆ. ನಾನೂ ಹಾಗೇ ಕೇಳಿದರಾಯಿತು ಎಂದುಕೊಂಡೆ. ದುಬೈನ ಸೂಪರ್‌ಮಾರ್ಕೆಟ್ಟಿನಲ್ಲಿ ಕುರಿ ಬೇಕಾದಷ್ಟು ಸಿಗುತ್ತದೆ, ತುಪ್ಪಟ ಸಿಗುವುದಿಲ್ಲ. ಆದ್ದರಿಂದ ನನ್ನ ನೀಲಿ ಸ್ನಾನದ ಟವೆಲನ್ನು ಆರಿಸಿದೆ. ಮಲಗುವ ಮುನ್ನ ಅದನ್ನು ಬಾಲ್ಕನಿಯ ಸ್ಟೂಲಿನ ಮೇಲೆ ಹಾಸಿ ಮನಸ್ಸಿನಲ್ಲೇ ಕರಾರು ಮಾಡಿಕೊಂಡೆ: ಬೆಳಿಗ್ಗೆ ಟವೆಲ್ ಒದ್ದೆಯಾಗಿ ನೆಲ ಒಣಗಿದ್ದರೆ ಮಿರ್ದಿಫ್, ಇಲ್ಲದಿದ್ದರೆ ಅಲ್ ಬರ್ಷಾ. ಇದರಲ್ಲಿ ನನ್ನ ಕುಯುಕ್ತಿಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಮೇಲಿನ ಮನೆಯ ಬಾಲ್ಕನಿ ನಮ್ಮದಕ್ಕೆ ಚಾವಣಿಯಿದ್ದ ಹಾಗೆ. ಮಂಜು ಬಿದ್ದರೂ ಎಲ್ಲದರ ಮೇಲೂ ಒಂದೇ ಸಮ ಸ್ವಲ್ಪ ತೇವ ಬರುತ್ತದೆಯೇ ಹೊರತು ಟವೆಲೊಂದೇ ನೆನೆಯುವ ಸಂಭವವೇ ಇರಲಿಲ್ಲ. ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮಂಗಳವಾರ ಏಳಕ್ಕೆ ಎದ್ದು ಬಾಲ್ಕನಿಯ ಬಾಗಿಲು ಸರಿಸಿದೆ. ನೆಲ ಒಣಗಿತ್ತು. ಟವೆಲ್ ಮುಟ್ಟಿದೆ. ಹಿಂಡಿದರೆ ನೀರು ಬರುವಷ್ಟು ಒದ್ದೆ. ಅಷ್ಟೇ ಅಲ್ಲ, ಟವೆಲಿನಿಂದ ಒಂದು ಬಗೆಯ ಸುವಾಸನೆ ಬರುತ್ತಿತ್ತು. ಮಲ್ಲಿಗೆಯಂತೆಯೂ ಇತ್ತು, ಅಲ್ಲದ ಹಾಗೂ ಇತ್ತು. ಪರಲೋಕದ ಪರಿಮಳ ಹೀಗೇ ಇರುತ್ತದೆಯೇನೋ ಎಂದುಕೊಂಡು ಎರಡು ಸಲ ಮೂಸಿದೆ. ಶೀಬಾಳನ್ನು ಅವಳ ಶಾಲೆಯ ಬಸ್ಸಿಗೆ ಬಿಡುವುದು ನನ್ನ ಪಾಲಿನ ಕೆಲಸ. ಆ ದಿನ ಟವೆಲಿನ ಗುಂಗಿನಲ್ಲಿ ಅವಳ ಬ್ಯಾಗನ್ನು ನಾನೇ ಹೆಗಲಿಗೆ ಹಾಕಿಕೊಂಡು ಮನೆಗೆ ವಾಪಸು ಬಂದಿದ್ದೆ. ಆಮೇಲೆ ಟ್ಯಾಕ್ಸಿಯಲ್ಲಿ ಹೋಗಿ ಕೊಟ್ಟು ಬರಬೇಕಾಯಿತು.

ಆದರೂ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡುವುದು ನ್ಯಾಯವಲ್ಲ. ಸೇನಾಪತಿಯೇ ಎರಡು ಸಲ ಕೇಳಿದ್ದಾನೆ. ಆ ರಾತ್ರಿ ಒಣಗಿದ ಇನ್ನೊಂದು ಟವೆಲ್ ಹಾಸಿ, ಈ ಸಲ ಟವೆಲ್ ಒಣಗಿರಲಿ, ನೆಲ ಒದ್ದೆಯಾಗಲಿ ಎಂದು ಕೇಳಿಕೊಂಡೆ. ಬುಧವಾರ ಬೆಳಿಗ್ಗೆ ಬಾಲ್ಕನಿಗೆ ಕಾಲಿಟ್ಟವನು ಜಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನೆಲದ ಮೇಲೆ ನೀರು ನಿಂತಿತ್ತು. ಟವೆಲ್ ಒಣಗಿ ಗರಿಗರಿಯಾಗಿತ್ತು.

ಅಂದು ಆಫೀಸಿನಲ್ಲಿ ನಾನು ಮೊಂಬಾಸಾಕ್ಕೆ ಹೋಗಬೇಕಾದ ಕಾಗದವನ್ನು ಮಸ್ಕತ್ತಿಗೆ ಕಳಿಸಿದೆ. ದೇವರು ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಉತ್ತರ ಕೊಡುತ್ತಾನೆಂದು ತಿಳಿದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ಸಂಜೆ ಸೀದಾ ಅಯ್ಯನವರ ಮನೆಗೆ ಹೋದೆ. ನಮ್ಮ ಅಯ್ಯನವರು ಉಡುಪಿ ಕಡೆಯವರು, ಯಾವ ವಿಷಯಕ್ಕೂ ಗಾಬರಿಯಾಗದ ಮನುಷ್ಯ. ಚಹಾ ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಪರಿಮಳದ ವಿಷಯ ಹೇಳುವಾಗ ಮಾತ್ರ ಚಹಾ ಕುಡಿಯುತ್ತಿದ್ದ ಬಸ್ಸಿಯಿಂದ ತಲೆಯೆತ್ತಿ ನೋಡಿದರು.

"ಈ ಮನೆ ಬದಲಾಯಿಸುವ ಮಾತು ಯಾರು ಎತ್ತಿದ್ದು?" ಎಂದು ಕೇಳಿದರು.

"ನನ್ನ ಹೆಂಡತಿ."

"ಯಾಕಂತೆ?"

"ಸಾಲಿಗೆ ಹತ್ರ ಆಗ್ತದ ಅಂತ ಕಾಣಸ್ತದ."

"ಕಾಣ್ತದಾ? ಕೇಳಲಿಲ್ವಾ ನೀವು? ಅವರು ಬೆಳಿಗ್ಗೆ ಎಷ್ಟು ಗಂಟೆಗೆ ಏಳುವುದು?"

"ಲಗೂನ ಏಳ್ತಾಳ್ರೀ."

"ಲಗೂ ಅಂದ್ರೆ ಎಷ್ಟಕ್ಕೆ ಮಾರಾಯ್ರೆ?"

ನನಗೆ ಗೊತ್ತಿರಲಿಲ್ಲ. ನಾನು ಏಳುವಾಗ ಅವಳು ಮನೆಯಲ್ಲಿ ಇರುವುದಿಲ್ಲ, ಮೇಜಿನ ಮೇಲೆ ನನ್ನ ಡಬ್ಬಿ ಇರುತ್ತದೆ. ನಾಲ್ಕು ವರ್ಷದಿಂದ ಡಬ್ಬಿ ಇರುತ್ತದೆ, ಅವಳು ಇರುವುದಿಲ್ಲ. ಆರಕ್ಕೆ ಇರಬಹುದು ಎಂದು ಅಂದಾಜು ಹೇಳಿದೆ. ಅಯ್ಯನವರು ಬಸ್ಸಿ ಕೆಳಗಿಟ್ಟು, "ಒಂದು ಕೆಲಸ ಮಾಡಿ. ಇವತ್ತೂ ಟವೆಲ್ ಹಾಕಿ. ಆದರೆ ನಾಲ್ಕು ಗಂಟೆಗೇ ಎದ್ದು ಅದನ್ನು ಕಾವಲು ಕಾಯಿರಿ. ಇಬ್ಬನಿ ಬೀಳುವುದನ್ನು ಕಣ್ಣಾರೆ ನೋಡಿದ ಹಾಗೂ ಆಗ್ತದೆ," ಎಂದರು.

ಬೆಳಗಿನ ನಾಲ್ಕು ಗಂಟೆ ಎಂಬುದನ್ನು ನಾನು ವಿಮಾನದ ಟಿಕೆಟ್ಟಿನ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿದವನಲ್ಲ. ಗುರುವಾರ ಅಲಾರಂ ಇಟ್ಟೂ ಏಳುವಾಗ ನಾಲ್ಕೂವರೆಯಾಗಿತ್ತು. ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದರೆ ಅಡುಗೆಮನೆಯ ದೀಪ ಉರಿಯುತ್ತಿತ್ತು. ಸುಗುಣಾ ಸ್ನಾನ ಮಾಡಿ, ಸೀರೆಯುಟ್ಟು, ತಯಾರಾಗಿ ನಿಂತಿದ್ದಳು. ಒಂದು ಕೈಯಲ್ಲಿ ಸುರುಳಿ ಸುತ್ತಿದ ಚಪಾತಿ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು. ಗ್ಯಾಸಿನ ಪಕ್ಕದ ಕಟ್ಟೆಯ ಮೇಲೆ ಮಕ್ಕಳ ನೋಟ್‌ಬುಕ್ಕುಗಳ ರಾಶಿ. ನಿಂತುಕೊಂಡೇ ತಿನ್ನುತ್ತ, ನಿಂತುಕೊಂಡೇ ತಿದ್ದುತ್ತಿದ್ದಳು. ಮೂರು ಡಬ್ಬಿಗಳು ಆಗಲೇ ಮುಚ್ಚಿದ್ದವು. ನನ್ನನ್ನು ನೋಡಿದ್ದೇ ಅವಳ ಕೈಯಿಂದ ಪೆನ್ನು ಬಿತ್ತು.

"ಯಾಕ್ರೀ, ಏನಾತು? ಎದಿ ನೋವೇನು?"

"ಇಲ್ಲ."

"ಊರಿಂದ ಫೋನ್ ಬಂತೇನು?"

"ಇಲ್ಲ ಮಾರಾಯ್ತಿ. ಟವೆಲ್ ನೋಡಾಕ ಬಂದೆ."

ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ಬದಲಾಯಿತು.

"ಟವೆಲ್ ವಿಷಯ ನಾನ ಕೇಳಬೇಕಂತಿದ್ದೆ. ಜಳಕದ ಟವೆಲ್ ಸ್ಟೂಲ್ ಮ್ಯಾಲ ಒಗದು ಮಲಗ್ತೀರಲ್ಲ, ಏನಿದು ಹೊಸಾ ರೂಢಿ? ಮೊನ್ನಿ ವಾಸನಿ ಹೊಡೀತಿತ್ತು. ಸೋಪಿನ ನೀರಾಗ ಅದ್ದಿ, ಆ ಮೆತ್ತಗ ಮಾಡೂ ಸೆಂಟಿನ ನೀರು ಹಾಕಿ, ಹಿಂಡಿ ಮತ್ತ ಅಲ್ಲೇ ಹರವಿದೆ. ನಿನ್ನಿ ನೋಡಿದ್ರ ಇನ್ನೊಂದು ಟವೆಲ್. ಪಾರಿವಾಳ ನೆಲಾ ಎಲ್ಲಾ ಹೊಲಸು ಮಾಡಿತ್ತು, ಟವೆಲ್ ತೆಗೆದಿಟ್ಟು, ಎರಡು ಬಕೇಟ್ ನೀರು ಹಾಕಿ ತೊಳದು, ಮತ್ತ ನಿಮ್ಮ ಟವೆಲ್ ನಿಮ್ಮ ಜಾಗಾಕ್ಕ ಇಟ್ಟೆ. ಇವತ್ತ ಏನ ಮಾಡಲಿ ಹೇಳ್ರಿ?"

ನಾನು ಕುರ್ಚಿ ಎಳೆದುಕೊಂಡು ಕೂತೆ. ಸೋಮವಾರದಿಂದ ನಡೆದದ್ದೆಲ್ಲ ಒಂದೊಂದಾಗಿ ಹೇಳಿದೆ. ವಡೆ, ಕೇರಂ, ಕಿಟಕಿ ಸೀಟುಗಳನ್ನೂ ಬಿಡಲಿಲ್ಲ. ಅವಳು ನಗುತ್ತಾಳೆಂದುಕೊಂಡಿದ್ದೆ, ಬೈಯುತ್ತಾಳೆಂದೂ ತಯಾರಾಗಿದ್ದೆ. ಅವಳು ಎರಡನ್ನೂ ಮಾಡದೆ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬುತ್ತ, "ನಾನು ಭಾನುವಾರದ ಸಾಲ್ಯಾಗ ಆರು ವರ್ಷದಿಂದ ಮಕ್ಕಳಿಗೆ ಆ ಕಥಿ ಕಲಸಾಕತ್ತೀನಿ. ಮೊದಲ ಹೇಳಿದ್ರ ಸೋಮವಾರನ ಟವೆಲ್ ಮ್ಯಾಲ ಇಡೀ ಬಕೇಟ್ ಸುರೀತಿದ್ದೆ," ಎಂದಳು. ಆಮೇಲೆ ಗಡಿಯಾರ ನೋಡಿ, "ವ್ಯಾನ್ ಬಂತು, ಹೊಂಟೆ," ಎಂದು ಚಪ್ಪಲಿ ಮೆಟ್ಟಿದಳು.

ಐದು ಗಂಟೆ ಹತ್ತು ನಿಮಿಷ. ಅವಳ ನೋಟ್‌ಬುಕ್ಕಿನ ಚೀಲ ನಾನು ಎತ್ತಿಕೊಂಡೆ. ಅದರ ಭಾರಕ್ಕೆ ನನ್ನ ಹೆಗಲು ಒಂದು ಕಡೆ ವಾಲಿತು. ಕೆಳಗೆ ಕತ್ತಲಲ್ಲಿ ಒಂದು ಬಿಳಿ ವ್ಯಾನು ನಿಂತಿತ್ತು. ಊರೆಲ್ಲ ಸುತ್ತಿ ಟೀಚರುಗಳನ್ನು ಹತ್ತಿಸಿಕೊಂಡು ಹೋಗುವ ವ್ಯಾನು. ಅದಕ್ಕೇ ಇಷ್ಟು ಬೇಗ. ಒಳಗೆ ನಾಲ್ಕೈದು ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು. ಬಾಗಿಲ ಪಕ್ಕದಲ್ಲಿದ್ದ ಮಂಗಳೂರಿನ ಟೀಚರೊಬ್ಬರಿಗೆ ಎಚ್ಚರವಾಯಿತು. ಲುಂಗಿಯಲ್ಲಿ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇವರು ಯಾರು ಸುಗುಣಾ?"

"ನಮ್ಮ ಮನಿಯವ್ರು."

"ಹೌದಾ? ನಿಮ್ಮವರು ದುಬೈಯಲ್ಲೇ ಇರುವುದಾ? ನಾವೆಲ್ಲ ಮಸ್ಕತ್ತಿನಲ್ಲಿ ಅಂತ ಎಣಿಸಿದ್ದು."

ವ್ಯಾನು ಹೋಯಿತು. ಕಿಟಕಿಯ ಗಾಜಿಗೆ ತಲೆ ಕೊಟ್ಟು ಸುಗುಣಾ ಆಗಲೇ ಕಣ್ಣು ಮುಚ್ಚಿದ್ದು ಕಂಡಿತು. ಅವಳಿಗೂ ಕಿಟಕಿ ಸೀಟೇ ಇಷ್ಟವೆಂದು ನನಗೆ ಗೊತ್ತಾದದ್ದು ಆಗ. ಮೇಲೆ ಬಂದು ಟವೆಲನ್ನು ಒಳಗೆ ತಂದು ಮಡಿಸಿಟ್ಟೆ. ಏಳಕ್ಕೆ ಶೀಬಾ ಎದ್ದಾಗ ನಾನು ಮಿರ್ದಿಫ್‌ನ ಮನೆಯವರಿಗೆ ಫೋನಿನಲ್ಲಿ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದೆ.

ಒಂದು ಸಂಶಯ ಮಾತ್ರ ಉಳಿಯಿತು. ಹೆಂಡತಿ ಒಗೆದ ಟವೆಲ್ ದೇವರ ಗುರುತೆಂದು ಲೆಕ್ಕಕ್ಕೆ ಬರುತ್ತದೆಯೇ? ಅಯ್ಯನವರಿಗೆ ಫೋನು ಮಾಡಿ ಕೇಳಿದೆ. "ಯಾಕೆ ಬರುವುದಿಲ್ಲ? ಮೇಲಿಂದ ಬಿದ್ದರೆ ಮಾತ್ರ ನೀರಾ? ನೀವು ನೆಲ ಒಣಗಿದೆಯಾ ನೋಡಿದಿರಿ, ಟವೆಲ್ ನೆನೆದಿದೆಯಾ ನೋಡಿದಿರಿ. ಹೆಂಡತಿ ಬಳಲಿದ್ದಾರಾ ಅಂತ ನೋಡಲಿಕ್ಕೆ ಗುರುತು ಬೇಕಾಯ್ತಲ್ಲ ನಿಮಗೆ," ಎಂದರು. ಇದು ಉತ್ತರವೋ ಬೈಗುಳವೋ ಎಂದು ವಿವೇಚಿಸಲು ನಾನು ಮತ್ತೆ ಪ್ರಾರ್ಥನೆಗೆ ಕೂರಲಿಲ್ಲ.

ಫೆಬ್ರುವರಿಯಲ್ಲಿ ಮಿರ್ದಿಫ್‌ಗೆ ಬಂದೆವು. ತಲೆಯ ಮೇಲೆ ವಿಮಾನಗಳು ಹಾರುತ್ತವೆ, ಕೆಳಗೆ ತಾಯಿ ಮಗಳು ಏಳು ಗಂಟೆಗೆ ಮನೆ ಬಿಟ್ಟು ನಡೆದುಕೊಂಡು ಶಾಲೆಗೆ ಹೋಗುತ್ತಾರೆ. ಸುಗುಣಾಳ ಕಣ್ಣ ಕೆಳಗಿನ ಕಪ್ಪು ಒಂದು ತಿಂಗಳಲ್ಲೇ ಹೋಯಿತು. ಅದು ಹುಟ್ಟಿನಿಂದಲೇ ಬಂದದ್ದೆಂದು ನಾನು ತಿಳಿದಿದ್ದೆ. ಈಗ ಬೇಗ ಏಳುವವನು ನಾನು. ಇಲ್ಲಿಗೆ ಕಂಪನಿಯ ಬಸ್ಸು ಬರುವುದಿಲ್ಲ. ಮೆಟ್ರೋ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಇಡೀ ದುಬೈ ದಾಟಬೇಕು. ನಾಲ್ಕೂಮುಕ್ಕಾಲಕ್ಕೆ ಎದ್ದು, ಹಾಲು ಕಾಯಿಸಿ, ಚಹಾ ಮಾಡಿ, ಚಪಾತಿ ಸುತ್ತಿಕೊಂಡು ಆರಕ್ಕೆ ಹೊರಡುತ್ತೇನೆ. ಚಪಾತಿ ಸುಗುಣಾ ಹಿಂದಿನ ಸಂಜೆ ಮಾಡಿಟ್ಟದ್ದೇ. ಅಷ್ಟು ಬೇಗ ದೇವರು ನನ್ನನ್ನು ಪೂರ್ತಿ ಬದಲಾಯಿಸಿಲ್ಲ.

ಒಂದು ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ, ಅವಕಾಶ ಸಿಕ್ಕಿತು. ದೇವರು ನಮ್ಮನ್ನು ಮಿರ್ದಿಫ್‌ಗೆ ನಡೆಸಿದ್ದನ್ನು ಹೇಳಿದೆ. ಸೋಪಿನ ಭಾಗವನ್ನು ಸಂಕ್ಷೇಪಿಸಿದೆ. ಮೂರನೇ ಸಾಲಿನಲ್ಲಿ ಸುಗುಣಾ ಕೆಮ್ಮಿದಳು. ಮುಗಿದ ಮೇಲೆ ಸಭೆಯ ಹಿರಿಯರಾದ ಎಡ್ವಿನ್ ಅಂಕಲ್ ಬಂದು ಕೈ ಹಿಡಿದುಕೊಂಡು, "ದಿನಾ ಎಷ್ಟು ಗಂಟೆಗೆ ಏಳ್ತೀರಿ ನೀವು?" ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ನಾಲ್ಕೂಮುಕ್ಕಾಲು ಎಂದೆ. ಯಾಕೆ ಏಳುತ್ತೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ವಾರ ಸಭೆಯಲ್ಲಿ ಪ್ರಕಟಣೆಯಾಯಿತು: ಇನ್ನು ಮೇಲೆ ಪ್ರತಿ ದಿನ ಬೆಳಿಗ್ಗೆ ಐದಕ್ಕೆ ಫೋನಿನ ಮೂಲಕ ಪ್ರಾರ್ಥನಾ ಕೂಟ, ನಡೆಸುವವರು ನಾನು.

ಮೊದಲ ದಿನ ಇಪ್ಪತ್ತು ಮಂದಿ ಸೇರಿದ್ದರು. ಅಬುಧಾಬಿಯಿಂದಲೂ ಮೂವರಿದ್ದರು, ಅಯ್ಯನವರೂ ಇದ್ದರು. ಗ್ಯಾಸಿನ ಮುಂದೆ ನಿಂತು ಪ್ರಾರಂಭದ ಮಾತು ಹೇಳಿ, ಎಲ್ಲರೂ ಒಂದು ನಿಮಿಷ ಮೌನವಾಗಿ ದೇವರ ಸನ್ನಿಧಿಯಲ್ಲಿರೋಣ ಎಂದೆ. ಎಲ್ಲರೂ ಮೌನವಾದರು. ಆಗಲೇ ಪಾತ್ರೆಯ ಹಾಲು ಅಂಚಿಗೆ ಏರತೊಡಗಿತು. ಫೋನಿನ ದನಿ ಬಂದ್ ಮಾಡಿದ್ದೇನೆಂದೇ ನಾನು ತಿಳಿದಿದ್ದೆ. ಇಕ್ಕಳ ಹುಡುಕುತ್ತ, ಹಾಲಿಗೆ ದೈನ್ಯದಿಂದ ಹೇಳಿದೆ:

"ಸ್ವಲ್ಪ ತಡಿಯೋ ನನ್ನಪ್ಪಾ. ಈಗ ಬ್ಯಾಡ. ನಾ ಇನ್ನೂ ತಯಾರಿಲ್ಲ."

ಇಪ್ಪತ್ತು ಮನೆಗಳಿಂದ ಭಾರವಾದ ದನಿಯಲ್ಲಿ ಆಮೆನ್ ಬಂತು. ಹಾಲು ಉಕ್ಕಿ ಹರಿಯಿತು. ಐದೂವರೆಗೆ ಅಯ್ಯನವರ ಫೋನು ಬಂದಾಗ ನಾನು ಗ್ಯಾಸಿನ ಒಲೆ ಒರೆಸುತ್ತಿದ್ದೆ. "ಚಿಕ್ಕ ಪ್ರಾರ್ಥನೆ ಮಾರಾಯ್ರೆ, ಆದರೆ ಭಾರೀ ಪ್ರಾಮಾಣಿಕ ಉಂಟು," ಎಂದರು ಅವರು. "ಇಷ್ಟು ವರ್ಷದಿಂದ ನೀವು ದೇವರಿಗೆ ಹೇಳುತ್ತಾ ಬಂದದ್ದು ಇದನ್ನೇ ಅಲ್ವಾ?"